ಎರಡು ಸೆಕೆಂಡಿಗೆ ಕಪ್ಪಾಗುವ ಮಾನಿಟರ್: ಟಾರ್ಚ್‌ನಿಂದ ಟ್ರಾನ್ಸ್‌ಫಾರ್ಮರ್‌ವರೆಗೆ

ಮೇಜಿನ ಮೇಲಿರುವುದು 19 ಇಂಚಿನ, 1440×900 ರೆಸಲ್ಯೂಷನ್‌ನ ಹಳೆಯ ಎಲ್‌ಸಿಡಿ ಮಾನಿಟರ್. ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ಬೆಳಕು, ಎಲ್‌ಇಡಿಯದ್ದಲ್ಲ, ಸಿಸಿಎಫ್‌ಎಲ್ ಎಂಬ ತೆಳು ಫ್ಲೋರೊಸೆಂಟ್ ಟ್ಯೂಬ್‌ಗಳದ್ದು: ಮೇಲೆ ಎರಡು, ಕೆಳಗೆ ಎರಡು. ದೂರು ಇಷ್ಟೇ. ಬಟನ್ ಒತ್ತಿದರೆ ನೀಲಿ ದೀಪ ಹೊತ್ತಿಕೊಳ್ಳುತ್ತದೆ, ಚಿತ್ರ ಬರುತ್ತದೆ, ಎರಡು ಸೆಕೆಂಡಿಗೆ ಪರದೆ ಕಪ್ಪಾಗುತ್ತದೆ. ನೀಲಿ ದೀಪ ಮಾತ್ರ ಅಲುಗದೆ ಉರಿಯುತ್ತಿರುತ್ತದೆ. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಅದೇ ಎರಡು ಸೆಕೆಂಡ್ ಚಿತ್ರ, ಅದೇ ಕತ್ತಲೆ.

ಇಂಥ ಮಾನಿಟರ್ ಕೈಗೆ ಬಂದಾಗ ಸ್ಕ್ರೂಡ್ರೈವರ್ ಹುಡುಕುವ ಮೊದಲು ಗಡಿಯಾರ ನೋಡಿ. ಚಿತ್ರ ಎಷ್ಟು ಹೊತ್ತಿಗೆ ಹೋಗುತ್ತದೆ, ಹೋದಾಗ ಪವರ್ ಬಟನ್ನಿನ ದೀಪ ಏನಾಗುತ್ತದೆ, ಇವೆರಡನ್ನು ಬರೆದುಕೊಂಡರೆ ಅರ್ಧ ಹುಡುಕಾಟ ಮುಗಿದಂತೆ. ಪ್ರತಿ ಸಲವೂ ಒಂದೆರಡು ಸೆಕೆಂಡಿಗೇ ಆರಿ, ದೀಪ ಹಾಗೇ ಉಳಿದರೆ ಅದು ಇನ್ವರ್ಟರ್ (ಟ್ಯೂಬ್‌ಗಳಿಗೆ ಹೈವೋಲ್ಟೇಜ್ ಕೊಡುವ ಭಾಗ) ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತಿರುವ ಲಕ್ಷಣ. ಚಿತ್ರದ ಜೊತೆ ದೀಪವೂ ಮಿಣುಕಿದರೆ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಡಿಮೆ ವೋಲ್ಟಿನ ಡಿಸಿಗೆ ಇಳಿಸುವ ಸಪ್ಲೈ, ನಿಂತು ನಿಂತು ಶುರುವಾಗುತ್ತಿದೆ ಎಂದರ್ಥ. ಬೆಳಿಗ್ಗೆ ಹತ್ತಾರು ಸಲ ಮಿನುಗಿ, ಬಿಸಿಯಾದ ಮೇಲೆ ಸರಿಹೋಗಿ ದಿನವಿಡೀ ಓಡಿದರೆ ಒಣಗಿದ ಕೆಪಾಸಿಟರ್. ತಣ್ಣಗಿದ್ದಾಗ ಚೆನ್ನಾಗಿದ್ದು ಅರ್ಧ ಗಂಟೆಯ ನಂತರ ಹೋದರೆ ಡ್ರೈ ಸೋಲ್ಡರ್ (ಬಿಟ್ಟುಕೊಂಡ ಬೆಸುಗೆ) ಅಥವಾ ಬಿಸಿಗೆ ಸೋಲುವ ಬಿಡಿಭಾಗ. ಹೊತ್ತುಗೊತ್ತಿಲ್ಲದೆ ಒಂದೆರಡು ಸೆಕೆಂಡ್ ಕಪ್ಪಾಗಿ ತಾನಾಗಿಯೇ ಚಿತ್ರ ಮರಳಿದರೆ ಮಾನಿಟರ್ ಬಿಚ್ಚಲೇಬೇಡಿ. ಹೆಚ್ಚಿನ ಸಲ ತಪ್ಪು ಕೇಬಲ್‌ನದ್ದೇ ಆಗಿರುತ್ತದೆ.

ಬಿಚ್ಚುವ ಮುನ್ನ

ಕೇಬಲ್ ಮಾತು ಮೊದಲು ಮುಗಿಸೋಣ. ಕಂಪ್ಯೂಟರ್ ಕಡೆಯ ಕೇಬಲ್ ಕಿತ್ತು ಮಾನಿಟರ್ ಆನ್ ಮಾಡಿ. ಬಹುತೇಕ ಮಾನಿಟರ್‌ಗಳು ‘ನೋ ಸಿಗ್ನಲ್’ ಎಂಬ ಪೆಟ್ಟಿಗೆಯನ್ನೋ ಬಣ್ಣದ ಪಟ್ಟಿಗಳನ್ನೋ ತೋರಿಸುತ್ತವೆ. ಆ ಪೆಟ್ಟಿಗೆಯೂ ಮಿನುಗಿದರೆ ಅಥವಾ ಆರಿದರೆ ತಪ್ಪು ಮಾನಿಟರ್‌ನೊಳಗೇ ಇದೆ. ಅದು ಸ್ಥಿರವಾಗಿ ನಿಂತು, ಕಂಪ್ಯೂಟರ್ ಜೋಡಿಸಿದಾಗ ಮಾತ್ರ ತೊಂದರೆ ಕಂಡರೆ ಹುಡುಕಾಟ ಹೊರಗೆ. ಕೆಲವು ಮಾಡೆಲ್‌ಗಳು ಸಿಗ್ನಲ್ ಇಲ್ಲದಿದ್ದರೆ ಐದು ಸೆಕೆಂಡಿಗೆ ತಾವಾಗಿಯೇ ಮಲಗುತ್ತವೆ, ಅದನ್ನು ದೋಷ ಎಂದುಕೊಳ್ಳಬೇಡಿ. ಮೆನು ಬಟನ್ ಒತ್ತುತ್ತಾ ಎಚ್ಚರವಾಗಿಟ್ಟು ನೋಡಿ.

ಹೊರಗಿನ ತೊಂದರೆಗೆ ಸುಲಭದ ಪರೀಕ್ಷೆ ವೇಗ ಇಳಿಸುವುದು. 1920×1080 ಚಿತ್ರ 60 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 60 ಸಲ) ಹೋಗಲು ಪಿಕ್ಸೆಲ್ ಕ್ಲಾಕ್, ಅಂದರೆ ಚಿತ್ರದ ಚುಕ್ಕಿಗಳನ್ನು ಕಳಿಸುವ ವೇಗ, 148.5 ಮೆಗಾಹರ್ಟ್ಜ್ ಬೇಕು. 4ಕೆ ಚಿತ್ರಕ್ಕೆ ಅದರ ನಾಲ್ಕು ಪಟ್ಟು. ಸಾಧಾರಣ ಕೇಬಲ್ ಮೊದಲನೆಯದನ್ನು ಹೊತ್ತರೂ ಎರಡನೆಯದಕ್ಕೆ ತಿಣುಕುತ್ತದೆ. 144 ಹರ್ಟ್ಜ್ ಇದ್ದರೆ 60ಕ್ಕೆ ಇಳಿಸಿ, ಅಥವಾ ರೆಸಲ್ಯೂಷನ್ ತಗ್ಗಿಸಿ. ಕಪ್ಪಾಗುವುದು ನಿಂತರೆ ಕೇಬಲ್ ಬದಲಿಸಿ, ಆದಷ್ಟು ಗಿಡ್ಡದ್ದನ್ನು ತನ್ನಿ. ಇನ್ನೊಂದು ವಿಚಿತ್ರ ಕಾರಣವೂ ಉಂಟು. ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿಯಿಂದ ಎದ್ದಾಗ ಅಥವಾ ಅದರಲ್ಲಿ ಕುಳಿತಾಗ ಪರದೆ ಕ್ಷಣಕಾಲ ಕಪ್ಪಾಗುವುದು ನಿಜಕ್ಕೂ ಆಗುತ್ತದೆ. ಕುರ್ಚಿಯಲ್ಲಿ ಕೂಡಿದ ಸ್ಥಿರವಿದ್ಯುತ್ತು ಥಟ್ಟನೆ ಹಾರಿದಾಗ ಹೊಮ್ಮುವ ಅಲೆಯನ್ನು ಕಳಪೆ ಶೀಲ್ಡಿಂಗ್‌ನ ಕೇಬಲ್ ಹೀರಿಕೊಳ್ಳುತ್ತದೆ. ಫ್ಯಾನ್ ಸ್ವಿಚ್ ಹಾಕಿದಾಗ ಚಿತ್ರ ಹೋಗುವುದೂ ಇದೇ ಜಾತಿಯ ತೊಂದರೆ. ಪ್ಲಗ್ಗಿನ ಮೂರನೇ ಪಿನ್‌ಗೆ ಅರ್ಥಿಂಗ್ ನಿಜವಾಗಿ ಸಿಗುತ್ತಿದೆಯೇ ಎಂದೂ ನೋಡಿ. ಸಿಗದಿದ್ದರೆ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಮಾನಿಟರ್‌ನ ಲೋಹದ ಭಾಗಕ್ಕೆ ಸುಮಾರು 115 ವೋಲ್ಟ್ ತೇಲಿ ಬರುತ್ತದೆ. ಕೇಬಲ್ ಸಿಕ್ಕಿಸುವಾಗ ಬೆರಳಿಗೆ ಜುಂ ಅನ್ನುವುದು ಅದೇ.

ಬ್ರೈಟ್‌ನೆಸ್ ಕಡಿಮೆ ಮಾಡಿದಾಗ ಮಾತ್ರ ಕಣ್ಣಿಗೆ ಮಿನುಗು ಕಂಡರೆ ಅದು ಕೆಟ್ಟದ್ದಲ್ಲ, ಕಟ್ಟಿದ್ದೇ ಹಾಗೆ. ಬ್ಯಾಕ್‌ಲೈಟನ್ನು ಸೆಕೆಂಡಿಗೆ ಇನ್ನೂರರ ಆಸುಪಾಸು ಸಲ ಆರಿಸಿ ಹೊತ್ತಿಸಿ ಬೆಳಕು ಕಡಿಮೆ ಮಾಡುವ ಪಿಡಬ್ಲ್ಯೂಎಂ ವಿಧಾನ ಅದು. ಫೋನ್ ಕ್ಯಾಮೆರಾದಲ್ಲಿ ಪಟ್ಟೆಗಳಾಗಿ ಕಾಣುತ್ತದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿ, ಕಾಂಟ್ರಾಸ್ಟ್ ಇಳಿಸಿ ಬಳಸುವುದೊಂದೇ ದಾರಿ.

ನಮ್ಮ ಮಾನಿಟರ್ ಈ ಯಾವುದಕ್ಕೂ ಸೇರುವುದಿಲ್ಲ. ಕೇಬಲ್ ಕಿತ್ತಾಗಲೂ ಎರಡೇ ಸೆಕೆಂಡ್. ಆಗ ಟಾರ್ಚ್ ತೆಗೆದುಕೊಳ್ಳಬೇಕು. ಕೋಣೆ ಕತ್ತಲೆ ಮಾಡಿ, ಕಪ್ಪಾದ ಪರದೆಗೆ ಟಾರ್ಚನ್ನು ಓರೆಯಾಗಿ, ತೀರ ಹತ್ತಿರ ಹಿಡಿದು ನೋಡಿದರೆ ಡೆಸ್ಕ್‌ಟಾಪ್ ಐಕಾನ್‌ಗಳು ಮಸುಕಾಗಿ ಕಾಣುತ್ತವೆ, ಮೌಸ್ ಆಡಿಸಿದರೆ ಬಾಣವೂ ಓಡುತ್ತದೆ. ಅಂದರೆ ಸಿಗ್ನಲ್ ಬೋರ್ಡ್, ಪ್ಯಾನೆಲ್, ಅವೆರಡನ್ನು ಜೋಡಿಸುವ ಎಲ್‌ವಿಡಿಎಸ್ ಕೇಬಲ್, 5 ವೋಲ್ಟ್ ಸಪ್ಲೈ ಎಲ್ಲವೂ ಜೀವಂತ. ಹೋಗಿರುವುದು ಬೆಳಕು ಮಾತ್ರ. ಟಾರ್ಚಿನಲ್ಲೂ ಏನೂ ಕಾಣದಿದ್ದರೆ ದಾರಿ ಬೇರೆ: ಪ್ಯಾನೆಲ್‌ಗೆ ಹೋಗುವ 3.3 ಅಥವಾ 5 ವೋಲ್ಟ್ ಬರುತ್ತಿದೆಯೇ, ಎಲ್‌ವಿಡಿಎಸ್ ಕನೆಕ್ಟರ್ ಸಡಿಲವಾಗಿದೆಯೇ ಎಂದು ನೋಡಬೇಕಾಗುತ್ತದೆ.

ಬಿಚ್ಚುವುದು

ಪ್ಲಗ್ ತೆಗೆದು ಕನಿಷ್ಠ ಹತ್ತು ನಿಮಿಷ ಬಿಡಿ. ದಪ್ಪ ಟವೆಲ್ ಮೇಲೆ ಪರದೆ ಮಕಾಡೆ ಮಲಗಿಸಿ, ಸ್ಟ್ಯಾಂಡ್ ಬಿಚ್ಚಿ, ಹಿಂಬದಿಯ ಸ್ಕ್ರೂ ತೆಗೆಯಿರಿ. ಮುಂದಿನ ಚೌಕಟ್ಟು ಕ್ಲಿಪ್‌ಗಳಿಂದ ನಿಂತಿರುತ್ತದೆ. ಅದಕ್ಕೆ ಲೋಹದ ಸ್ಕ್ರೂಡ್ರೈವರ್ ತುರುಕಬೇಡಿ, ಗಿಟಾರ್ ಪಿಕ್ ಅಥವಾ ಹಳೆಯ ಎಟಿಎಂ ಕಾರ್ಡ್ ಸಾಕು. ಕೆಳ ಅಂಚಿನ ನಡುವಿನಿಂದ ಶುರು ಮಾಡಿದರೆ ಕ್ಲಿಪ್ ಮುರಿಯುವುದು ಕಡಿಮೆ. ಬಟನ್ ಬೋರ್ಡಿನ ತೆಳು ವೈರ್ ಚೌಕಟ್ಟಿಗೆ ಅಂಟಿಕೊಂಡಿರಬಹುದು, ಎಳೆಯುವ ಮುನ್ನ ನೋಡಿ. ಆಮೇಲೆ ಹಿಂದಿನ ತಗಡಿನ ಡಬ್ಬಿ. ಅದರ ಪಕ್ಕದಿಂದ ಬರುವ ಗುಲಾಬಿ–ಬಿಳಿ ವೈರ್‌ಗಳ ನಾಲ್ಕು ಜೋಡಿ ಟ್ಯೂಬ್‌ಗಳಿಗೆ ಸೇರಿದವು. ವೈರ್ ಹಿಡಿದು ಎಳೆಯದೆ, ಪ್ಲಾಸ್ಟಿಕ್ ತುದಿ ಹಿಡಿದು ತೆಗೆಯಿರಿ. ಯಾವುದು ಯಾವ ಸಾಕೆಟ್‌ನದು ಎಂದು ಫೋಟೋ ತೆಗೆದಿಡಿ.

ಡಬ್ಬಿಯೊಳಗೆ ಎರಡು ಬೋರ್ಡ್. ವಿಡಿಯೋ ಸಾಕೆಟ್‌ಗಳಿರುವುದು ಸಿಗ್ನಲ್ ಬೋರ್ಡ್. ಪವರ್ ಕಾರ್ಡ್ ಸೇರುವುದು ಪವರ್ ಬೋರ್ಡ್, ಇನ್ವರ್ಟರ್ ಕೂಡ ಅದರಲ್ಲೇ.

ಮುಟ್ಟುವ ಮುನ್ನ ದೊಡ್ಡ ಕೆಪಾಸಿಟರ್ ಖಾಲಿ ಮಾಡಬೇಕು. 230 ವೋಲ್ಟ್ ಎಸಿ ರೆಕ್ಟಿಫೈ ಆದಾಗ ಅದರ ಮೇಲೆ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತದೆ. ಈ ಬೋರ್ಡಿನಲ್ಲಿರುವುದು 150 ಮೈಕ್ರೋಫ್ಯಾರಡ್, 450 ವೋಲ್ಟ್‌ನದು. ತುಂಬಿದಾಗ ಸುಮಾರು 8 ಜೂಲ್ ಶಕ್ತಿ, ಜೋರಾಗಿ ಹೊಡೆಯಲು ಧಾರಾಳ ಸಾಕು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಚಾಳಿ ಬಿಡಿ. ಕಿಡಿ ಹಾರಿ ಟ್ರ್ಯಾಕ್ ಕಿತ್ತುಬರುತ್ತದೆ. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಟೆಡ್ ವೈರ್ ಬೆಸೆದು, ಎರಡೂ ಕಾಲಿಗೆ ಎಂಟು ಸೆಕೆಂಡ್ ಹಿಡಿದರೆ ಎರಡು–ಮೂರು ವೋಲ್ಟಿಗೆ ಇಳಿಯುತ್ತದೆ. ಇಳಿದಿದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿದ ಮೇಲೆಯೇ ಕೈ ಹಾಕಿ.

ಕೆಪಾಸಿಟರ್

ಪವರ್ ಬೋರ್ಡ್ ಎರಡು ವೋಲ್ಟೇಜ್ ಕೊಡುತ್ತದೆ: ಸಿಗ್ನಲ್ ಬೋರ್ಡಿಗೆ 5 ವೋಲ್ಟ್, ಇನ್ವರ್ಟರ್‌ಗೆ 15 ವೋಲ್ಟ್. ಔಟ್‌ಪುಟ್ ಕಡೆ ನಾಲ್ಕು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿವೆ. 5 ವೋಲ್ಟ್ ಲೈನಿನಲ್ಲಿ 1000 ಮೈಕ್ರೋಫ್ಯಾರಡ್ 10 ವೋಲ್ಟ್‌ನ ಎರಡು, 15 ವೋಲ್ಟ್ ಲೈನಿನಲ್ಲಿ 1000 ಮೈಕ್ರೋಫ್ಯಾರಡ್ 25 ವೋಲ್ಟ್‌ನ ಎರಡು. 25 ವೋಲ್ಟ್‌ನವುಗಳಲ್ಲಿ ಒಂದರ ತಲೆ ಉಬ್ಬಿರುವುದು ಬರಿಗಣ್ಣಿಗೇ ಕಾಣುತ್ತದೆ. ಇನ್ನೊಂದು ಚಪ್ಪಟೆಯಾಗಿಯೇ ಇದೆ. ಈ ಚಪ್ಪಟೆ ತಲೆಯನ್ನು ನಂಬಬಾರದು.

ಬಿಚ್ಚಿ ಅಳೆದಾಗ ಉಬ್ಬಿದ್ದರ ಇಎಸ್‌ಆರ್ (ಒಳಪ್ರತಿರೋಧ) 3.6 ಓಮ್, ಚಪ್ಪಟೆಯಾಗಿದ್ದರದ್ದು 1.8 ಓಮ್. ಹೊಸತಾಗಿದ್ದಾಗ ಇದು 0.03 ಓಮ್ ಸುತ್ತಮುತ್ತ ಇರಬೇಕು. ಸಾಮಾನ್ಯ ಮಲ್ಟಿಮೀಟರಿನ ಕೆಪಾಸಿಟೆನ್ಸ್ ರೇಂಜ್‌ನಲ್ಲಿ ಎರಡನೆಯದು 890 ಮೈಕ್ರೋಫ್ಯಾರಡ್ ತೋರಿಸಿ ಪಾಸಾಗುತ್ತದೆ. 20 ಶೇಕಡಾ ಟಾಲರೆನ್ಸ್‌ನೊಳಗೇ ಇದೆ. ಮೀಟರ್ ಅಳೆಯುವುದು ತುಂಬ ನಿಧಾನದ ವೇಗದಲ್ಲಿ, ಎಸ್‌ಎಂಪಿಎಸ್ ಓಡುವುದು ಹತ್ತಾರು ಕಿಲೋಹರ್ಟ್ಜ್‌ನಲ್ಲಿ. ಆ ವೇಗದಲ್ಲಿ ಕೆಪಾಸಿಟರಿನ ಒಳಪ್ರತಿರೋಧವೇ ಮುಖ್ಯ. ಅದಕ್ಕೇ ಇಎಸ್‌ಆರ್ ಮೀಟರ್ ಇಲ್ಲದವರು ಅಳೆಯುತ್ತಾ ಕೂರುವ ಬದಲು ಔಟ್‌ಪುಟ್ ಕಡೆಯ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಲೇಸು. ಅಗ್ಗದ ಬಿಡಿಭಾಗ, ಮತ್ತೆ ಬಿಚ್ಚುವ ಕೆಲಸ ದುಬಾರಿ.

ಇದು ಚಿತ್ರವನ್ನು ಆರಿಸುವುದು ಹೇಗೆ? ಟ್ಯೂಬ್ ಹೊತ್ತಿಸಲು ಇನ್ವರ್ಟರ್ ಸಾವಿರ ವೋಲ್ಟ್ ಮೀರಿ ಕೊಡಬೇಕು, ಹೊತ್ತಿದ ಮೇಲೆ ಆರೆಂಟು ನೂರು ವೋಲ್ಟ್ ಸಾಕು. ಹೊತ್ತಿಸುವ ಆ ಗಳಿಗೆಯಲ್ಲಿ ಅದು 15 ವೋಲ್ಟ್ ಲೈನಿನಿಂದ ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಕೆಪಾಸಿಟರ್ ಸರಿಯಿದ್ದರೆ ಒದಗಿಸುತ್ತದೆ. ಒಳಪ್ರತಿರೋಧ ಏರಿದ್ದರೆ ಲೈನ್ ಕುಸಿಯುತ್ತದೆ. ಮಲ್ಟಿಮೀಟರನ್ನು ಮಿನ್–ಮ್ಯಾಕ್ಸ್‌ಗೆ ಇಟ್ಟು ನೋಡಿದರೆ ಸುಮ್ಮನಿದ್ದಾಗ 15.2 ವೋಲ್ಟ್, ಟ್ಯೂಬ್ ಹೊತ್ತುವಾಗ 10.9. ಇನ್ವರ್ಟರಿನ ಕಂಟ್ರೋಲ್ ಐಸಿ ನಾಲ್ಕೂ ಟ್ಯೂಬಿನ ಕರೆಂಟ್ ನೋಡುತ್ತಿರುತ್ತದೆ. ಒಂದರಲ್ಲಿ ಕಡಿಮೆ ಬಂದರೂ ಟ್ಯೂಬ್ ಒಡೆದಿದೆ, ಹೈವೋಲ್ಟೇಜ್ ಎಲ್ಲೋ ಸಿಡಿಯಬಹುದು ಎಂದು ಬಗೆದು ಒಂದೆರಡು ಸೆಕೆಂಡ್ ಕಾದು ಲಾಕ್ ಆಗುತ್ತದೆ. ಪವರ್ ಆಫ್ ಮಾಡುವವರೆಗೂ ಲಾಕ್ ಬಿಡುವುದಿಲ್ಲ. ಆ ಎರಡು ಸೆಕೆಂಡಿನ ಗುಟ್ಟು ಇದೇ. ಐಸಿಯ ಪ್ರೊಟೆಕ್ಷನ್ ಪಿನ್ನನ್ನು ಗ್ರೌಂಡಿಗೆ ಕಟ್ಟಿ ‘ರಿಪೇರಿ’ ಮಾಡುವವರಿದ್ದಾರೆ. ನಿಜವಾಗಿ ಟ್ಯೂಬ್ ಒಡೆದಿದ್ದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಕೆಲವೊಮ್ಮೆ ಬೋರ್ಡ್ ಕೂಡ. ಆ ದಾರಿ ಬೇಡ.

ಬದಲಿಗೆ ಹಾಕುವುದು ಲೋ ಇಎಸ್‌ಆರ್, 105 ಡಿಗ್ರಿಯದ್ದೇ ಆಗಬೇಕು. ಪ್ಯಾನಾಸೋನಿಕ್ ಎಫ್‌ಆರ್ ಅಥವಾ ಎಫ್‌ಎಂ, ನಿಚಿಕಾನ್ ಎಚ್‌ಇ, ರುಬಿಕಾನ್ ಝೆಡ್‌ಎಲ್‌ಎಚ್ ಸರಣಿಗಳು ಒಗ್ಗುತ್ತವೆ. ಬೆಂಗಳೂರಿನ ಎಸ್‌ಪಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ‘1000 ಬೈ 25 ಕಂಡೆನ್ಸರ್’ (ಕೆಪಾಸಿಟರಿನ ಅಂಗಡಿ ಹೆಸರು) ಎಂದಷ್ಟೇ ಕೇಳಿದರೆ ಮಾಮೂಲಿ 85 ಡಿಗ್ರಿಯದ್ದು ಕೈಗೆ ಬರುವ ಸಂಭವ ಹೆಚ್ಚು. ಸರಣಿಯ ಹೆಸರು, ಡಿಗ್ರಿ ಹೇಳಿ ಕೇಳಿ, ಮೈಮೇಲಿನ ಅಚ್ಚು ಓದಿ. ಬಿಸಿ 10 ಡಿಗ್ರಿ ಏರಿದರೆ ಎಲೆಕ್ಟ್ರೋಲಿಟಿಕ್‌ನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಈ ಬೋರ್ಡ್ ಇರುವುದು ಗಾಳಿಯಾಡದ ತಗಡಿನ ಡಬ್ಬಿಯೊಳಗೆ. ವೋಲ್ಟೇಜ್ ಅಷ್ಟೇ ಅಥವಾ ಒಂದು ಮೆಟ್ಟಿಲು ಮೇಲಿರಲಿ. 10 ವೋಲ್ಟ್‌ನ ಜಾಗಕ್ಕೆ 16 ನಡೆಯುತ್ತದೆ. ಕೆಳಗಿನದು ಬೇಡವೇ ಬೇಡ. ವ್ಯಾಸ ನೋಡಿಕೊಳ್ಳಿ: 10 ಮಿಲಿಮೀಟರಿನದಕ್ಕೆ ಕಾಲುಗಳ ಅಂತರ 5 ಮಿಲಿಮೀಟರ್, 8ರದಕ್ಕೆ 3.5. ಎತ್ತರ ಹೆಚ್ಚಾದರೆ ಡಬ್ಬಿ ಮುಚ್ಚುವುದಿಲ್ಲ.

ಬೆಸುಗೆ ಬಿಡಿಸುವಾಗ ಒಂದು ಉಪಾಯ. ಕಾರ್ಖಾನೆಯ ಸೀಸರಹಿತ ಸೋಲ್ಡರ್ ಕರಗಲು ಸುಮಾರು 217 ಡಿಗ್ರಿ ಬೇಕು, 63/37 (ತವರ–ಸೀಸ) ಸೋಲ್ಡರ್‌ಗೆ 183 ಸಾಕು. ಹಳೆಯ ಬೆಸುಗೆಗೆ ಮೊದಲು ಸ್ವಲ್ಪ 63/37 ಬೆರೆಸಿ ಆಮೇಲೆ ಸಕ್ಕರ್ (ಕರಗಿದ ಸೋಲ್ಡರ್ ಹೀರುವ ಪಂಪು) ಹಿಡಿದರೆ ತೂತು ಒಂದೇ ಎಳೆತಕ್ಕೆ ಖಾಲಿಯಾಗುತ್ತದೆ. ಐರನ್ 350 ಡಿಗ್ರಿಯಲ್ಲಿರಲಿ, ಒಂದು ಕಾಲಿನ ಮೇಲೆ ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಒಂದೇ ಪದರದ ಈ ಅಗ್ಗದ ಬೋರ್ಡ್‌ಗಳಲ್ಲಿ ಪ್ಯಾಡ್ ಬೇಗ ಎದ್ದುಬರುತ್ತದೆ. ಕೆಪಾಸಿಟರಿನ ಮೈಮೇಲಿನ ಪಟ್ಟಿ ಮೈನಸ್ ಕಡೆ. ಬೋರ್ಡಿನ ಮೇಲೆ ತುಂಬಿಸಿದ ಅರ್ಧವೃತ್ತ ಸಾಮಾನ್ಯವಾಗಿ ಮೈನಸ್, ಆದರೆ ತಿರುವುಮುರುವಾಗಿ ಅಚ್ಚಿಸಿದ ಬೋರ್ಡ್‌ಗಳೂ ಇವೆ. ಅಚ್ಚಿಗಿಂತ, ಬಿಚ್ಚುವ ಮುನ್ನ ತೆಗೆದ ಫೋಟೋ ನಂಬಿ.

ಅದೇ ಸಲ ಪ್ರೈಮರಿ (230 ವೋಲ್ಟ್ ಬರುವ) ಕಡೆಯ 22 ಮೈಕ್ರೋಫ್ಯಾರಡ್ 50 ವೋಲ್ಟ್‌ನ ಪುಟ್ಟ ಕೆಪಾಸಿಟರನ್ನೂ ಬದಲಿಸಲಾಯಿತು. ಎಸ್‌ಎಂಪಿಎಸ್ ಓಡಿಸುವ ಪಿಡಬ್ಲ್ಯೂಎಂ ಐಸಿಗೆ ಅನ್ನ ಹಾಕುವುದು ಅದೇ. ಅದು ಒಣಗಿದರೆ ತಲೆ ಉಬ್ಬುವುದಿಲ್ಲ, ಸದ್ದಿಲ್ಲದೆ ಸಾಯುತ್ತದೆ. ದೀಪ ಮಿಣುಕುತ್ತಾ ಟಿಕ್ ಟಿಕ್ ಎನ್ನುವ ಮಾನಿಟರ್‌ಗಳಲ್ಲಿ ಮೊದಲು ಸಂಶಯಪಡಬೇಕಾದದ್ದು ಇದನ್ನೇ. ಔಟ್‌ಪುಟ್‌ನ ಎರಡು ಶಾಟ್ಕಿ ಡಯೋಡ್‌ಗಳನ್ನು ಡಯೋಡ್ ರೇಂಜಿನಲ್ಲಿ ನೋಡಿದಾಗ 0.2 ವೋಲ್ಟ್ ಆಸುಪಾಸು, ತಿರುಗಿಸಿ ಹಿಡಿದರೆ ಶಾರ್ಟ್ ಇಲ್ಲ, ಅವು ಕ್ಷೇಮ.

ಮೊದಲ ಸಲ ಕರೆಂಟ್ ಕೊಡುವುದು ಸೀರೀಸ್ ಬೋರ್ಡಿನ ಮೂಲಕ, 100 ವ್ಯಾಟ್‌ನ ಹಳೆಯ ಬುರುಡೆ ಬಲ್ಬ್ ಸರಣಿಯಲ್ಲಿಟ್ಟು. ಬಲ್ಬ್ ಕ್ಷಣಕಾಲ ಮಿಂಚಿ ಮಂಕಾದರೆ ಶಾರ್ಟ್ ಇಲ್ಲ. ಪೂರ್ತಿ ಬೆಳಗಿ ಹಾಗೇ ನಿಂತರೆ ತಕ್ಷಣ ಆಫ್ ಮಾಡಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು.

ಇಪ್ಪತ್ತು ನಿಮಿಷದ ನಂತರ

ಚಿತ್ರ ಬಂತು, ಆರದೆ ನಿಂತಿತು. ಟ್ಯೂಬ್ ಹೊತ್ತುವಾಗಲೂ 15 ವೋಲ್ಟ್ ಲೈನ್ 14.7ಕ್ಕಿಂತ ಕೆಳಗೆ ಹೋಗಲಿಲ್ಲ. ಬಹಳಷ್ಟು ರಿಪೇರಿಗಳು ಇಲ್ಲಿಗೇ ಮುಗಿಯುತ್ತವೆ. ಈ ಬೋರ್ಡ್ ಮಾತ್ರ ಇಪ್ಪತ್ತು ನಿಮಿಷಕ್ಕೆ ಮತ್ತೆ ಕಪ್ಪಾಯಿತು. ತಣ್ಣಗಾಗಲು ಬಿಟ್ಟರೆ ಮತ್ತೆ ಇಪ್ಪತ್ತು ನಿಮಿಷ. ಗಡಿಯಾರ ಬೇರೆ ಉತ್ತರ ಕೊಡುತ್ತಿದೆ: ಇದು ಬಿಸಿಗೆ ಬಿಚ್ಚಿಕೊಳ್ಳುವ ದೋಷ.

ಹೈವೋಲ್ಟೇಜ್ ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿಯುವ ಆಸೆ ಇಲ್ಲಿ ಬರುತ್ತದೆ. ಹಿಡಿಯಬೇಡಿ. ಸುಮಾರು 50 ಕಿಲೋಹರ್ಟ್ಜ್‌ನ ಆ ವೋಲ್ಟೇಜಿಗೆ ಮೀಟರ್ ಸುಡುತ್ತದೆ, ಸುಡದಿದ್ದರೂ ತೋರಿಸುವ ಅಂಕಿ ಸುಳ್ಳು. ಕರೆಂಟ್ ತೆಗೆದು, ಟ್ಯೂಬ್ ವೈರ್ ಬಿಚ್ಚಿ, ಇನ್ವರ್ಟರ್ ಟ್ರಾನ್ಸ್‌ಫಾರ್ಮರ್‌ಗಳ ಸೆಕೆಂಡರಿ (ಟ್ಯೂಬ್ ಕಡೆಯ ಸುರುಳಿ) ಪ್ರತಿರೋಧ ಅಳೆಯಿರಿ. ಒಂದೇ ಮಾದರಿಯ ಎರಡು ಇರುವುದರಿಂದ ಒಂದನ್ನು ಇನ್ನೊಂದಕ್ಕೆ ಹೋಲಿಸಬಹುದು. ಇಲ್ಲಿ ಬಂದದ್ದು 845 ಓಮ್, 851 ಓಮ್. ವ್ಯತ್ಯಾಸ ಹತ್ತು ಶೇಕಡಾ ದಾಟಿದ್ದರೆ ಅಥವಾ ಒಂದು ಓಪನ್ ಆಗಿದ್ದರೆ ಟ್ರಾನ್ಸ್‌ಫಾರ್ಮರ್ ಹೋಗಿದೆ ಎನ್ನಬಹುದಿತ್ತು. ಕೂದಲಿಗಿಂತ ತೆಳುವಾದ ತಂತಿ ಒಳಗೇ ತುಂಡಾಗುವುದು ಕರಾವಳಿಯ ತೇವದಲ್ಲಿ ಅಪರೂಪವಲ್ಲ.

ತಂತಿ ಸರಿಯಿದೆ ಎಂದಮೇಲೆ ಬೋರ್ಡ್ ತಿರುಗಿಸಿ ಭೂತಗನ್ನಡಿ ಹಿಡಿಯಬೇಕು. ಬಲಗಡೆಯ ಟ್ರಾನ್ಸ್‌ಫಾರ್ಮರಿನ ಹೈವೋಲ್ಟೇಜ್ ಪಿನ್ ಸುತ್ತ, ಬೆಸುಗೆಯಲ್ಲಿ ಉಂಗುರದಂಥ ಬಿರುಕು. ಅದರ ಸುತ್ತ ಕಂದು ಕಲೆ. ಭಾರದ ಫೆರೈಟ್ ಟ್ರಾನ್ಸ್‌ಫಾರ್ಮರ್ ದಿನಕ್ಕೆರಡು ಸಲ ಬಿಸಿಯಾಗಿ ತಣ್ಣಗಾದಾಗ ಪಿನ್ನೂ ಬೋರ್ಡೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ವರ್ಷಗಳಲ್ಲಿ ಬೆಸುಗೆ ದಣಿದು ಬಿರಿಯುತ್ತದೆ. ತಣ್ಣಗಿದ್ದಾಗ ಪಿನ್ ತಾಗಿಕೊಂಡಿರುತ್ತದೆ. ಬಿಸಿಯಾದಾಗ ಸಂದು ತೆರೆದು ಕಿಡಿ ಹಾರುತ್ತದೆ, ಟ್ಯೂಬ್ ಕರೆಂಟ್ ತಪ್ಪುತ್ತದೆ, ಐಸಿ ಲಾಕ್ ಆಗುತ್ತದೆ. ಕೋಣೆ ಕತ್ತಲೆ ಮಾಡಿ ಕಿವಿಗೊಟ್ಟರೆ ಸಣ್ಣ ಚುರ್ ಶಬ್ದ ಕೇಳುವುದೂ ಉಂಟು.

ಇದರ ಮೇಲೆ ಬರೀ ಹೊಸ ಸೋಲ್ಡರ್ ಸುರಿದರೆ ಸಾಲದು. ಹಳೆಯದನ್ನು ಪೂರ್ತಿ ಹೀರಿ, ಪಿನ್ನನ್ನು ಬ್ಲೇಡಿನಿಂದ ಹೊಳೆಯುವವರೆಗೆ ಕೆರೆದು, ಫ್ಲಕ್ಸ್ ಹಚ್ಚಿ ಹೊಸದಾಗಿ ಬೆಸೆಯಬೇಕು. ಕಂದು ಕಲೆ ಕಾರ್ಬನ್ ಆಗಿದ್ದರೆ ಅದೇ ವಾಹಕ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದರೂ ಹೋಗದ್ದನ್ನು ಚಾಕುವಿನ ತುದಿಯಿಂದ ಫೈಬರ್ ಕಾಣುವವರೆಗೆ ಕೆರೆದು ತೆಗೆಯಿರಿ. ಉಳಿಸಿದರೆ ಕಿಡಿ ಅದೇ ದಾರಿ ಹಿಡಿಯುತ್ತದೆ. ಎರಡೂ ಟ್ರಾನ್ಸ್‌ಫಾರ್ಮರಿನ ಎಲ್ಲ ಪಿನ್‌ಗಳಿಗೂ, ಟ್ಯೂಬ್ ಸಾಕೆಟ್‌ಗಳಿಗೂ ಇದೇ ಉಪಚಾರ ಮಾಡಲಾಯಿತು.

ಟ್ಯೂಬ್ ಮೇಲೆ ಸಂಶಯವಿದ್ದರೆ ಗುಜರಿ ಪ್ಯಾನೆಲ್‌ನಿಂದ ತೆಗೆದ, ಚೆನ್ನಾಗಿರುವ ಒಂದು ಟ್ಯೂಬನ್ನು ಒಂದೊಂದೇ ಸಾಕೆಟ್‌ಗೆ ಸಿಕ್ಕಿಸುತ್ತಾ ಹೋಗಿ. ಯಾವ ಸಾಕೆಟ್‌ನಲ್ಲಿ ಬದಲಿಸಿದಾಗ ಬೆಳಕು ಆರದೆ ಉಳಿಯುತ್ತದೋ ಆ ಟ್ಯೂಬ್ ಕೆಟ್ಟದ್ದು. ಹೊತ್ತಿದಾಗ ಪರದೆಯ ಒಂದಂಚು ಕೆಂಪಗಿರುವುದು, ಕನೆಕ್ಟರ್ ಕಂದಾಗಿರುವುದು ಮುದಿ ಟ್ಯೂಬಿನ ಗುರುತು. ಟ್ಯೂಬೊಳಗೆ ಪಾದರಸ ಇದೆ. ಒಡೆದರೆ ಕಿಟಕಿ ತೆರೆದು, ಚೂರುಗಳನ್ನು ಟೇಪಿನಲ್ಲಿ ಎತ್ತಿ ಮುಚ್ಚಿದ ಡಬ್ಬಿಗೆ ಹಾಕಿ, ಇ–ತ್ಯಾಜ್ಯದವರಿಗೆ ಕೊಡಿ. ಟ್ಯೂಬಿನ ಬದಲು 12 ವೋಲ್ಟ್ ಎಲ್‌ಇಡಿ ಪಟ್ಟಿಯ ಕಿಟ್ ಹಾಕುವುದೂ ರೂಢಿಯಲ್ಲಿದೆ: ಪ್ಲಸ್, ಗ್ರೌಂಡ್, ಆನ್ ಸಿಗ್ನಲ್, ಡಿಮ್ ಸಿಗ್ನಲ್ ಎಂಬ ನಾಲ್ಕೇ ವೈರ್. ಪಟ್ಟಿಯನ್ನು ಮೂರು ಎಲ್‌ಇಡಿಗೊಮ್ಮೆ ಇರುವ ಗುರುತಿನಲ್ಲೇ ಕತ್ತರಿಸಬೇಕು. ಆದರೆ ಅದಕ್ಕಾಗಿ ಪ್ಯಾನೆಲ್ ಬಿಚ್ಚಿದಾಗ ಹಾಳೆಗಳ ನಡುವೆ ಒಂದು ಧೂಳಿನ ಕಣ ಹೊಕ್ಕರೂ ಅದು ಕೊನೆತನಕ ಕಣ್ಣಿಗೆ ಚುಚ್ಚುತ್ತದೆ. ಟ್ಯೂಬ್ ಸತ್ತದ್ದು ಖಚಿತವಾಗದೆ ಅಷ್ಟು ದೂರ ಹೋಗಬಾರದು.

ಎಲ್‌ಇಡಿ ಮಾನಿಟರ್ ಆಗಿದ್ದರೆ

ಟಾರ್ಚ್ ಪರೀಕ್ಷೆ ಅದೇ, ಗಡಿಯಾರವೂ ಅದೇ. ಇನ್ವರ್ಟರ್ ಜಾಗದಲ್ಲಿ ವೋಲ್ಟೇಜ್ ಏರಿಸುವ ಡ್ರೈವರ್ ಇರುತ್ತದೆ. ಸರಣಿಯಲ್ಲಿ ಒಂದು ಎಲ್‌ಇಡಿ ಓಪನ್ ಆದರೂ ಡ್ರೈವರ್ ನಿಲ್ಲುತ್ತದೆ. ಹೊರಗಿನ ಅಡಾಪ್ಟರ್ ಇರುವ ಮಾಡೆಲ್‌ಗಳಲ್ಲಿ ಮೊದಲು ಅದನ್ನೇ ಬದಲಿಸಿ ನೋಡಿ. ಲೋಡ್ ಇಲ್ಲದಾಗ 19 ವೋಲ್ಟ್ ತೋರಿಸಿ, ಬ್ರೈಟ್‌ನೆಸ್ ಏರಿಸಿದೊಡನೆ ಬೀಳುವ ಅಡಾಪ್ಟರ್‌ಗಳು ಬೇಕಾದಷ್ಟಿವೆ, ಅದರೊಳಗಿನ ಕಾಯಿಲೆಯೂ ಹೆಚ್ಚಾಗಿ ಅದೇ ಕೆಪಾಸಿಟರ್. ಬ್ರೈಟ್‌ನೆಸ್ 20ಕ್ಕೆ ಇಳಿಸಿದಾಗ ಆರದೆ ನಿಂತು 80ರಲ್ಲಿ ಆರುವ ಮಾನಿಟರ್ ಕಂಡರೆ ಸಪ್ಲೈ ಕಡೆಗೇ ಬೆರಳು ತೋರಿಸಿ. ಬದಲಿ ಅಡಾಪ್ಟರ್ ತರುವಾಗ ಮೊದಲು ವೋಲ್ಟೇಜ್ ನೋಡಿ. 14 ವೋಲ್ಟ್‌ನ ಮಾನಿಟರ್‌ಗಳ ಪಿನ್‌ಗೆ 19ರದ್ದೂ ಕೂರುತ್ತದೆ, ಕೂತರೆ ಬೋರ್ಡ್ ಉಳಿಯುವುದಿಲ್ಲ.

ಮರುಜೋಡಣೆ

ಟ್ಯೂಬ್ ವೈರ್‌ಗಳು ತಗಡಿನ ಅಂಚಿಗೆ ಸಿಕ್ಕಿ ಜಜ್ಜದಂತೆ ಹಳೆಯ ಜಾಡಿನಲ್ಲೇ ಕೂರಿಸಿ. ಜಜ್ಜಿದಲ್ಲಿ ಹೈವೋಲ್ಟೇಜ್ ಚಾಸಿಗೆ ಹಾರಿ ಅದೇ ಎರಡು ಸೆಕೆಂಡಿನ ಕಾಯಿಲೆ ಮರಳುತ್ತದೆ. ಪವರ್ ಬೋರ್ಡ್ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ಮರೆಯದೆ ಹಾಕಿ, 325 ವೋಲ್ಟಿಗೂ ತಗಡಿಗೂ ನಡುವೆ ಇರುವುದು ಅದೊಂದೇ. ಚೌಕಟ್ಟು ಮುಚ್ಚುವ ಮೊದಲು ಬಿಳಿ ಪರದೆ, ಪೂರ್ತಿ ಬ್ರೈಟ್‌ನೆಸ್, ಮೇಲೆ ಬಟ್ಟೆ ಹೊದಿಸಿ ಒಳಬಿಸಿ ಏರುವಂತೆ ಮಾಡಿ ನಾಲ್ಕು ಗಂಟೆ ಓಡಿಸಲಾಯಿತು, ಎದುರಿಗೇ ಕೂತು. ನಡುವೆ ಹಲವು ಸಲ ಆಫ್ ಮಾಡಿ, ಬಿಸಿಯಲ್ಲೇ ಮತ್ತೆ ಆನ್. ಬೆಳಕು ಕದಲಲಿಲ್ಲ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಮೊದಲ ಒತ್ತಿಗೇ ಹೊತ್ತಿಕೊಂಡಿತು. 15 ವೋಲ್ಟ್ ಲೈನ್ ಇನ್ನೊಮ್ಮೆ ಅಳೆದು, ಅಂಕಿಯನ್ನು ಮಾರ್ಕರಿನಿಂದ ಡಬ್ಬಿಯ ಒಳಮೈ ಮೇಲೆ ಬರೆದಿಡಲಾಗಿದೆ: ಸುಮ್ಮನಿದ್ದಾಗ 15.2, ಹೊತ್ತುವಾಗ 14.7.